ಬಸಪ್ಪನನ್ನು ಎತ್ತು ಮಾಡಿದ ಮಹಜರು

ನಮ್ಮೂರ ದೇವರು ಲಾರಿ ಗುದ್ದಿ ಸತ್ತ. ನಗಬೇಡಿ, ನಿಜ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಗೆ ತಗಡು ಹೊತ್ತು ಹೊರಟಿದ್ದ ಲಾರಿ, ಬೈರಾಪಟ್ಟಣ ದಾಟಿದ ಮೇಲೆ ಸಿಗುವ ತಿರುವಿನಲ್ಲಿ, ಹಾಡಹಗಲೇ ಗುದ್ದಿತು. ಡ್ರೈವರ್ ಕುಡಿದಿರಲಿಲ್ಲ, ಮೊಬೈಲು ನೋಡುತ್ತಿರಲಿಲ್ಲ. ದೇವರೇ ರಸ್ತೆಯ ಆಚೆಗಿದ್ದ ಹುರುಳಿ ಹೊಲಕ್ಕೆ ಆಸೆಪಟ್ಟು ಅಡ್ಡ ನುಗ್ಗಿದ ಎಂದು ಕಂಡವರೆಲ್ಲ ಹೇಳಿದರು. ಹೇಳಿ, ಕೈಮುಗಿದು, ಫೋಟೋ ತೆಗೆದುಕೊಂಡರು.

ದೇವರು ಅಂದರೆ ಬಸಪ್ಪ. ಸೀಗೆಕೊಪ್ಪಲಿನ ಹೊಂಗೆಮರದಮ್ಮನ ಗುಡಿಯ ಬಸವ. ನಮ್ಮ ಕಡೆ ಅಮ್ಮನ ಗುಡಿ ಇದ್ದ ಕಡೆ ಒಂದು ಬಸವನೂ ಇರುತ್ತಾನೆ. ಕರುವಾಗಿದ್ದಾಗಲೇ ದೇವರ ಹೆಸರಿನಲ್ಲಿ ಬಿಟ್ಟಿರುತ್ತಾರೆ; ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಅವನೇ ಊರಿನ ಜಡ್ಜು. ಹೊಲದ ಬದು ಯಾರದು, ಬೋರು ಎಲ್ಲಿ ಕೊರೆಸಬೇಕು, ಹುಡುಗಿಗೆ ಈ ಸಂಬಂಧ ಆಗಿಬರುತ್ತದೋ ಇಲ್ಲವೋ, ಎಲ್ಲಕ್ಕೂ ಅವನನ್ನೇ ಕೇಳುವುದು. ಒಪ್ಪಿಗೆಯಾದರೆ ಅಂಗೈ ಮೇಲೆ ಪಾದ ಇಡುತ್ತಾನೆ, ಇಲ್ಲದಿದ್ದರೆ ಮುಖ ತಿರುಗಿಸುತ್ತಾನೆ. ಕಳ್ಳತನವಾದರೆ ಕದ್ದವರ ಮನೆ ಮುಂದೆ ಹೋಗಿ ನಿಲ್ಲುತ್ತಾನೆ. ಎಂಜಿನಿಯರಿಂಗ್ ಓದಿದವರು, ಬ್ಯಾಂಕಿನವರು, ಹೈಸ್ಕೂಲು ಮೇಷ್ಟ್ರುಗಳು, ಎಲ್ಲರೂ ಅಂಗೈ ಒಡ್ಡಿಕೊಂಡು ಸಾಲಾಗಿ ಮಂಡಿಯೂರುತ್ತಾರೆ. ಒಂದು ಪಾದಕ್ಕೆ ಐನೂರು ರೂಪಾಯಿ ಚೀಟಿ ಹರಿಸಬೇಕು. ಆ ಐನೂರು ಬಸಪ್ಪನಿಗಲ್ಲ, ಟ್ರಸ್ಟಿಗೆ.

ಟ್ರಸ್ಟಿನ ಅಧ್ಯಕ್ಷ ಯೋಗಾನಂದ. ಮೊದಲು ಸೈಟು ಬ್ರೋಕರ್ ಆಗಿದ್ದವನು. ಒಂದೇ ಸೈಟನ್ನು ಇಬ್ಬರಿಗೆ ತೋರಿಸಿ ಮುಂಗಡ ತಗೊಂಡು ಒದೆ ತಿಂದ ಮೇಲೆ ಹಣೆ ತುಂಬ ಕುಂಕುಮ ಇಟ್ಟುಕೊಂಡು ಭಕ್ತನಾದ. ಭಕ್ತಿಯಲ್ಲಿ ಒದೆ ತಿನ್ನುವ ಭಯ ಇಲ್ಲ ನೋಡಿ. ಬಸಪ್ಪನ ಹೆಸರಿನಲ್ಲಿ ಯೂಟ್ಯೂಬ್ ಚಾನೆಲ್ ಮಾಡಿದ, ಗುಡಿ ಮುಂದೆ ಶೀಟು ಹಾಕಿಸಿದ, ಪಾರ್ಕಿಂಗಿಗೂ ದುಡ್ಡು ಇಟ್ಟ. ಮೂರೂ ಬಿಟ್ಟವನು ಅಂತಾರಲ್ಲ, ಅಂಥ ಆಸಾಮಿ.

ನಾನು ಭಾನುಪ್ರಿಯ. ಚನ್ನಪಟ್ಟಣದ ತಾಲ್ಲೂಕು ಕಚೇರಿ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅಫಿಡವಿಟ್ಟು, ಅರ್ಜಿ, ಬಾಡಿಗೆ ಕರಾರು ಎಲ್ಲ ಟೈಪ್ ಮಾಡಿಕೊಡುತ್ತೇನೆ. ದಿನವಿಡೀ ಜನರ ಸುಳ್ಳು ಟೈಪ್ ಮಾಡುವುದೇ ನನ್ನ ಕಸುಬು. ವಂಶವೃಕ್ಷದಲ್ಲಿ ತಂಗಿಯರೇ ಇಲ್ಲ ಅಂತ ಬರೆಸುವ ಅಣ್ಣಂದಿರು, ಎರಡಂತಸ್ತಿನ ಮನೆ ಬಾಡಿಗೆಗೆ ಕೊಟ್ಟು ಗುಡಿಸಲಿನಲ್ಲಿದ್ದೇನೆ ಅಂತ ಬರೆಸುವವರು. ಪ್ರಮಾಣ ಮಾಡಿ ಹೇಳುತ್ತೇನೆ ಎಂಬ ಸಾಲು ನನ್ನ ಬೆರಳಿಗೆ ಎಷ್ಟು ರೂಢಿಯಾಗಿದೆ ಅಂದರೆ ಕಣ್ಣು ಮುಚ್ಚಿಕೊಂಡು ಹೊಡೆಯುತ್ತೇನೆ. ಅಂಗಡಿಯ ಝೆರಾಕ್ಸ್ ಮೆಷಿನ್ನಿಗೆ ಮುಂಗಡ ಕೊಟ್ಟವಳು ನಮ್ಮವ್ವ ಯಲ್ಲಮ್ಮ. ಚೀಟಿ ಎತ್ತಿದ ದುಡ್ಡು ಅಂದಿದ್ದಳು. ನಾವಿಬ್ಬರೇ ಮನೆಯಲ್ಲಿ. ನಾನು ದಿನಾ ಸೀಗೆಕೊಪ್ಪಲಿನಿಂದ ಸ್ಕೂಟಿಯಲ್ಲಿ ಬಂದು ಹೋಗುತ್ತೇನೆ.

ನಮ್ಮವ್ವನನ್ನು ಊರಿನಲ್ಲಿ ಮೂಗುಬೊಟ್ಟಿನ ಯಲ್ಲಮ್ಮ ಅಂತಾರೆ. ಆ ಹೆಸರು ಬಂದು ಮೂರು ವರ್ಷವಾಯಿತು.

ಅವ್ವ ಹೊಂಗೆಮರದಮ್ಮನ ಗುಡಿಯ ಅಂಗಳ ಗುಡಿಸುತ್ತಿದ್ದಳು. ಸಂಬಳ ಗಿಂಬಳ ಏನಿಲ್ಲ, ಸೇವೆ. ಬೆಳಕು ಹರಿಯುವ ಮುಂಚೆಯೇ ಬಕೆಟ್ ಹಿಡಿದು ಹೋಗಿ, ಗುಡಿಸಿ, ಸಾರಿಸಿ, ರಂಗೋಲಿ ಇಟ್ಟು ಬರುತ್ತಿದ್ದಳು. ಹಾಗಿರುವಾಗ ಗುಡಿಯ ಅಮ್ಮನ ವಿಗ್ರಹದ ಚಿನ್ನದ ಮೂಗುಬೊಟ್ಟು ಕಾಣೆಯಾಯಿತು. ಪೊಲೀಸ್ ಕಂಪ್ಲೇಂಟು ಕೊಡಿ ಅಂತ ಯಾರೋ ಅಂದದ್ದಕ್ಕೆ ಯೋಗಾನಂದ ಕೆನ್ನೆ ಕೆನ್ನೆ ಬಡಿದುಕೊಂಡ. ಬಸಪ್ಪ ಇರುವಾಗ ಪೊಲೀಸು ಯಾಕೆ? ಅಪ್ಪಣೆ ಕೇಳುವುದೆಂದು ತೀರ್ಮಾನವಾಯಿತು.

ಅಪ್ಪಣೆಗೆ ಮುಂಚೆ ಬಸಪ್ಪನನ್ನು ಉಪವಾಸ ಕೆಡವುತ್ತಾರೆ. ಮಡಿಯಂತೆ. ಪೂಜಾರಿ ದೊಡ್ಡಹನುಮಯ್ಯ ಅವನನ್ನು ಗುಡಿ ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿ, ಎರಡು ದಿನ ಹುಲ್ಲುಕಡ್ಡಿ ಹಾಕಲಿಲ್ಲ. ಮೂರನೇ ದಿನ ಕೊರಳಿಗೆ ಹಾರ, ಕೊಂಬಿಗೆ ಕಳಸ, ಬೆನ್ನಿಗೆ ಜರಿಯ ಗೌಸು, ಮುಂದೆ ತಮಟೆ. ಬಿಟ್ಟರು. ಬಸಪ್ಪ ಎಲ್ಲೂ ನಿಲ್ಲಲಿಲ್ಲ. ಎರಡು ಬೀದಿ ದಾಟಿ ಸೀದಾ ನಮ್ಮ ಮನೆಗೆ ಬಂದ. ಜ್ವರ ಬಂದು ನಾಲ್ಕು ದಿನದಿಂದ ಮಲಗಿದ್ದ ಅವ್ವ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಬಸಪ್ಪ ಮೂತಿಯಿಂದ ಅವಳ ಕಂಬಳಿ ಎಳೆದ, ಮಡಿಲು ತಿವಿದ, ಅಲ್ಲಿಂದ ಕದಲಲಿಲ್ಲ. ತಮಟೆ ನಿಂತಿತು. ಕದ್ದು ಮುಖ ತೋರಿಸಲಾಗದೆ ಜ್ವರದ ನೆಪ ಮಾಡಿ ಮಲಗಿದ್ದಾಳೆ ಅಂತ ಅಲ್ಲೇ ತೀರ್ಪು ಬಂತು.

ನಾನು ಕೂಗಾಡಿದೆ. ಎರಡು ದಿನ ಹಸಿದ ಬಾಯಿ, ತಿನ್ನುವುದಕ್ಕೆ ಏನಾದರೂ ಸಿಗುತ್ತದೇನೋ ಅಂತ ಬಂದಿದೆ, ನಿಮಗೆ ಬುದ್ಧಿ ಇದೆಯಾ ಅಂದೆ. ಅದಕ್ಕೆ ಯೋಗಾನಂದ ಅಂದ, "ಹಸಿವಾದ್ರೆ ಹಾದೀಲಿ ಅಷ್ಟೊಂದ್ ಮನೆ ಇದ್ವು, ಅಷ್ಟೊಂದ್ ಹುಲ್ಲಿನ್ ಮೆದೆ ಇದ್ವು. ಎಲ್ಲಾನೂ ಬುಟ್ಟು ದನ ಕರ ಏನೂ ಇಲ್ದಿರೋ ನಿಮ್ ಮನೇಗೇ ಯಾಕವ್ವ ಬರ್ಬೇಕಾಗಿತ್ತು?" ನನ್ನ ಬಳಿ ಉತ್ತರ ಇರಲಿಲ್ಲ. ಅವ್ವ ಬಾಯಿ ಬಿಡಲಿಲ್ಲ. ತಪ್ಪುಕಾಣಿಕೆ ಕಟ್ಟು ಅಂದರು. ಕಿವಿಯ ಓಲೆ ಬಿಚ್ಚಿ ಕೊಟ್ಟಳು. ಗುಡಿ ಮೆಟ್ಟಿಲು ಹತ್ತಬೇಡ ಅಂದರು; ತಲೆಯಾಡಿಸಿದಳು. ನನಗೆ ಗೊತ್ತು ಮಾಡಿದ್ದ ಮದ್ದೂರಿನ ಸಂಬಂಧದವರು ಯೋಗಾನಂದ ಚಾನೆಲ್ಲಿಗೆ ಹಾಕಿದ ವಿಡಿಯೊ ನೋಡಿ ಫೋನ್ ಎತ್ತುವುದನ್ನೇ ಬಿಟ್ಟರು. ಪೀಡೆ ತೊಲಗಿತು ಅನ್ನಿ. ಆದರೆ ಅವ್ವ ಊರಿನ ಅಂಗಡಿಗೆ ಹೋದರೆ ಅಂಗಡಿಯವರು ಎದ್ದು ನಿಂತು ಗಲ್ಲಾ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದರು. ಒಂದೇ ಒಂದು ಸಲ, ಇದೇ ಜನರ ಎದುರು, ಇದೇ ಯೋಗಾನಂದನ ಬಾಯಲ್ಲಿ ನಮ್ಮವ್ವ ಕಳ್ಳಿಯಲ್ಲ ಅಂತ ಹೇಳಿಸಬೇಕು. ಅಷ್ಟೇ ನನಗೆ ಬೇಕಾಗಿದ್ದುದು.

ಅಷ್ಟರಲ್ಲಿ ದೇವರು ಸತ್ತ.

ಯೋಗಾನಂದ ಎರಡು ದಿನ ಎದೆ ಬಡಿದುಕೊಂಡು ಅತ್ತ. ಕ್ಯಾಮೆರಾ ಮುಂದೆ. ಮೂರನೇ ದಿನ ಲಾರಿಯ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಹಾಕಿದ. ಸತ್ತದ್ದು ಸಾಕ್ಷಾತ್ ಶಿವನ ಅಂಶ, ಎರಡು ಕೋಟಿ ಪರಿಹಾರ ಕೊಡಿ ಅಂತ. ಕಂಪನಿಯವರು ಬೆಂಗಳೂರಿನಿಂದ ಒಬ್ಬ ಆಫೀಸರನ್ನು ಕಳಿಸಿದರು. ಸುಮನಾ ಅಂತ ಹೆಸರು. ಮಾತು ಕಮ್ಮಿ, ನಗು ಅದಕ್ಕಿಂತ ಕಮ್ಮಿ. ಸ್ಥಳ ನೋಡಿ, ಪೊಲೀಸ್ ಸ್ಟೇಷನ್ ನೋಡಿ, ಮಧ್ಯಾಹ್ನ ತಾಲ್ಲೂಕು ಕಚೇರಿ ಮುಂದೆ ಕಾರು ನಿಲ್ಲಿಸಿದರು. ಹೇಳಿಕೆ ಟೈಪ್ ಮಾಡಿಸಬೇಕು ಅಂತ ಎದುರಿಗೆ ಕಂಡ ಅಂಗಡಿಗೇ ನುಗ್ಗಿದರು. ಅದು ನನ್ನ ಅಂಗಡಿ. ಹಿಂದೆ ಯೋಗಾನಂದ. ನನ್ನ ಮುಖ ಕಂಡು ಹಲ್ಲು ಗಿಂಜಿದ.

"ಇಲ್ಲಿ ಬ್ಯಾಡ ಮೇಡಂ, ಆ ಕಡೆ ಇನ್ನೊಂದೈತೆ," ಅಂದ.

"ಇಲ್ಲಿ ಕರೆಂಟ್ ಇದೆ, ಸಾಕು," ಅಂದು ಸುಮನಾ ಕುರ್ಚಿ ಎಳೆದುಕೊಂಡರು. "ನೋಡಿ ಸಾರ್, ನೇರವಾಗಿ ಹೇಳಿಬಿಡ್ತೀನಿ. ನಮ್ಮ ಕಂಪನಿಯಲ್ಲಿ ಎತ್ತಿಗೆ ರೇಟಿದೆ, ಎಮ್ಮೆಗೆ ರೇಟಿದೆ. ದೇವರಿಗೆ ರೇಟಿಲ್ಲ."

"ದೇವ್ರಿಗೆ ರೇಟ್ ಕಟ್ಟಕಾದದಾ ಮೇಡಂ? ಅದ್ಕೇ ಎಲ್ಡು ಕೋಟಿ ಅಂದಿದ್ದು."

"ಇನ್ನೊಂದು. ದೇವರ ಹೆಸರಿನಲ್ಲಿ ಬಿಟ್ಟ ಬಸವನಿಗೆ ಮಾಲೀಕರು ಇರಲ್ಲ. ಮಾಲೀಕರೇ ಇಲ್ಲದ ಮೇಲೆ ಪರಿಹಾರ ಯಾರಿಗೆ ಕೊಡಲಿ? ಶಿವನ ಅಕೌಂಟ್ ನಂಬರ್ ಇದೆಯಾ ನಿಮ್ಮ ಹತ್ತಿರ?"

ನಾನು ಕೀಬೋರ್ಡಿನ ಮೇಲೆ ಬಗ್ಗಿ ನಗು ನುಂಗಿಕೊಂಡೆ. ಯೋಗಾನಂದ ಬೆವರು ಒರೆಸಿಕೊಂಡ. ಬ್ರೋಕರ್ ತಲೆ, ಬೇಗ ಓಡಿತು.

"ಹಂಗಾದ್ರೆ ಎತ್ತು ಅಂತ್ಲೇ ಬರ್ಕೊಳಿ. ಎಷ್ಟ್ ಬತ್ತದೆ?"

"ಒಳ್ಳೇ ಹಳ್ಳಿಕಾರ್ ಎತ್ತು. ನಿಮ್ಮ ಸ್ವಂತದ್ದು, ಉಳುಮೆ ಮಾಡ್ತಿತ್ತು ಅಂತಾದ್ರೆ ನಾಲ್ಕು ಲಕ್ಷದವರೆಗೂ ನಾನು ಶಿಫಾರಸು ಮಾಡಬಹುದು."

ಎರಡು ಕೋಟಿಯ ದೇವರು ನಾಲ್ಕು ಲಕ್ಷದ ಎತ್ತಾಗುವುದಕ್ಕೆ ಒಂದು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ಟೈಪ್ ಮಾಡಿದೆ. ಸದರಿ ಎತ್ತು ನನ್ನ ಸ್ವಂತದ್ದಾಗಿದ್ದು, ಯಾವುದೇ ದೇವರ ಹೆಸರಿನಲ್ಲಿ ಬಿಟ್ಟದ್ದಾಗಿರುವುದಿಲ್ಲ. ಸದರಿ ಎತ್ತಿಗೆ ಯಾವುದೇ ದೈವಶಕ್ತಿ ಇರುವುದಿಲ್ಲ. ಒಂದೊಂದು ಸಾಲಿಗೂ ಯೋಗಾನಂದ ಹೂಂ ಹೂಂ ಅಂದ. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು.

ಆಮೇಲೆ ಸುಮನಾ ತಮ್ಮ ಮೊಬೈಲು ತೆಗೆದು ಮೇಜಿನ ಮೇಲಿಟ್ಟರು. "ಇದೊಂದು ತೊಂದರೆ ಇದೆ. ನಿಮ್ಮದೇ ಚಾನೆಲ್. ಲಕ್ಷಗಟ್ಟಲೆ ಜನ ನೋಡಿದ್ದಾರೆ. ನಾಳೆ ನಮ್ಮ ಹೆಡ್ ಆಫೀಸಿನವರೂ ನೋಡ್ತಾರೆ."

ಕಳ್ಳಿಯನ್ನು ತಿವಿದು ತೋರಿಸಿದ ಬಸಪ್ಪ ಎಂದು ಕೆಂಪಕ್ಷರದ ಹೆಸರು. ತಮಟೆ, ಜನ, ನಮ್ಮ ಜಗಲಿ, ಕಂಬಳಿಯೊಳಗೆ ನಡುಗುತ್ತಿರುವ ನಮ್ಮವ್ವ. ಮೂರು ವರ್ಷದಿಂದ ನಾನು ನೋಡದೆ ತಪ್ಪಿಸಿಕೊಂಡಿದ್ದ ವಿಡಿಯೊ ನನ್ನದೇ ಮೇಜಿನ ಮೇಲೆ ಓಡಿತು.

"ಇದು ಕಳ್ಳರನ್ನ ಹಿಡಿಯೋ ದೇವರು ಅಂತ ನೀವೇ ಹಾಕಿದ್ದೀರಿ," ಅಂದರು ಸುಮನಾ. "ಇದಕ್ಕೆ ಏನಂತೀರಿ?"

"ಅದಾ? ಅದು ಸುಮ್ನೆ ಜನಕ್ಕೆ ಒಂದ್ ಸಮಾಧಾನ ಆಗ್ಲಿ ಅಂತ ಮಾಡಿದ್ದು ಮೇಡಂ. ಹೊಟ್ಟೆ ಹಸ್ದಿತ್ತು, ಅದ್ಕೆ ಹೋಯ್ತು. ಮೂಕ ಪ್ರಾಣಿ, ಅದಕ್ಕೇನ್ ಗೊತ್ತಾದದು?"

ನನ್ನ ಕೈ ನಿಂತಿತು. ಇದೇ ಮಾತನ್ನು ನಾನು ಗಂಟಲು ಹರಿಯುವಂತೆ ಕೂಗಿದ್ದಾಗ ನನ್ನನ್ನು ದೇವರ ದ್ರೋಹಿ ಅಂದ ಬಾಯಿ ಇದು. ಥೂ, ನಿನ್ನ ಜನ್ಮಕ್ಕಿಷ್ಟು ಅಂತ ಉಗಿಯಬೇಕೆನಿಸಿತು. ಉಗಿಯಲಿಲ್ಲ. ಟೈಪ್ ಮಾಡಿದೆ, ಒಂದಕ್ಷರ ತಪ್ಪಿಲ್ಲದಂತೆ. ವಿಡಿಯೊದಲ್ಲಿ ಕಾಣುವ ಮನೆಗೆ ಸದರಿ ಎತ್ತು ಹಸಿವಿನಿಂದ ಹೋಗಿರುತ್ತದೆಯೇ ಹೊರತು ಕಳ್ಳತನಕ್ಕೂ ಅದಕ್ಕೂ ಯಾವುದೇ ಸಂಬಂಧವಿರುವುದಿಲ್ಲ.

"ಇದನ್ನ ಊರಿನವರ ಎದುರಿಗೇ ಓದಿ, ಪಂಚರ ಸಹಿ ತಗೊಂಡು ಮಹಜರು ಮಾಡಬೇಕು," ಅಂದರು ಸುಮನಾ. "ಆ ಮನೆಯವರ ಸಹಿ ಮುಖ್ಯ. ಎತ್ತು ಯಾಕೆ ಬಂತು ಅಂತ ಅವರೇ ಹೇಳಬೇಕು. ಅವರು ಒಪ್ಪಿದರೆ ಕ್ಲೈಮ್, ಇಲ್ಲದಿದ್ದರೆ ಇಲ್ಲ. ಯಾರ ಮನೆ ಅದು?"

ಯೋಗಾನಂದ ಫ್ಯಾನು ನೋಡಿದ.

"ನಮ್ಮದು," ಅಂದೆ.

ಅವರು ಹೋದ ಮೇಲೆ ಪಕ್ಕದ ಅಂಗಡಿಯ ಆಫ್ತಾಬ್ ಭಾಯಿ ಬಂದರು. ಅವರದು ಬಣ್ಣದ ಮರದ ಗೊಂಬೆಗಳ ಅಂಗಡಿ. ಟ್ರಸ್ಟಿನವರು ಮಾರುವುದಕ್ಕೆಂದು ಅವರ ಬಳಿಯೇ ಪುಟ್ಟ ಪುಟ್ಟ ಬಸಪ್ಪಗಳನ್ನು ಮಾಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. "ಭಾನು ಮೇಡಂ, ನಂದು ಗೋಡೌನ್ ಫುಲ್ ಐತೆ. ಈಗ ಬಸಪ್ಪ ಅಂತ ಮಾರ್ಲಾ, ಎತ್ತು ಅಂತ ಮಾರ್ಲಾ?" ಅಂತ ಕೇಳಿದರು. ಮಹಜರು ಮುಗಿಯಲಿ ಭಾಯ್, ಆಮೇಲೆ ಹೇಳ್ತೀನಿ ಅಂದೆ. ಅಷ್ಟು ಹಗುರವಾಗಿ ನಾನು ನಕ್ಕು ಎಷ್ಟೋ ಕಾಲವಾಗಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿಕೆಯನ್ನು ಪೂರ್ತಿ ಓದಿ ಹೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಎತ್ತು ಅನ್ನುವ ಮಾತು ಬಂದಾಗೆಲ್ಲ ಅವಳ ಬೆರಳು ನಿಲ್ಲುತ್ತಿತ್ತು.

"ಇದ್ನ ಅಮ್ಮನ ಗುಡಿ ಮುಂದೆ ಓದ್ತಾರಾ?"

"ಓದ್ತಾನೆ. ಅವನ ಬಾಯಲ್ಲೇ ಓದಿಸ್ತೀನಿ. ನೀನು ಬಂದು, ಹೌದು ಹಸಿದು ಬಂದಿದ್ದ ಅಂತ ಒಂದು ಮಾತು ಹೇಳಿ ಸಹಿ ಹಾಕವ್ವ. ಅಷ್ಟಾದ್ರೆ ಮುಗೀತು. ಇನ್ನು ಯಾವನು ನಿನ್ನನ್ನ ಏನಂತಾನೆ ನೋಡ್ತೀನಿ."

"ನಾಕ್ ಲಕ್ಷನಾ?" ಅಂದಳು. ಆಮೇಲೆ, "ಬತ್ತೀನಿ ಬುಡು," ಅಂದಳು.

ಗುಡಿಯ ಅಂಗಳದಲ್ಲಿ ಶೀಟಿನ ಕೆಳಗೆ ಊರಿಗೆ ಊರೇ ಸೇರಿತ್ತು. ಬಸಪ್ಪನನ್ನು ಅಲ್ಲೇ ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿದ್ದರು. ಮೇಲೆ ಹೂವಿನ ರಾಶಿ ಬಾಡಿ ಕೂತಿತ್ತು. ಅದರ ಪಕ್ಕವೇ ಪ್ಲಾಸ್ಟಿಕ್ ಮೇಜು ಹಾಕಿ ಸುಮನಾ ಕೂತರು. ಅವ್ವ ಮೂರು ವರ್ಷದ ಮೇಲೆ ಆ ಅಂಗಳಕ್ಕೆ ಕಾಲಿಟ್ಟಳು. ಕಸ ಬಿದ್ದಿದ್ದ ನೆಲ ನೋಡಿ ಮುಖ ಕಿವುಚಿದಳು. ಯೋಗಾನಂದ ಹೇಳಿಕೆ ಬಿಚ್ಚಿದ ತಕ್ಷಣ ಪೂಜಾರಿ ದೊಡ್ಡಹನುಮಯ್ಯ ಓಡಿಹೋಗಿ ಗುಡಿ ಬಾಗಿಲು ಎಳೆದು ಚಿಲಕ ಹಾಕಿದ. ಅಮ್ಮನಿಗೆ ಕೇಳಿಸಬಾರದಂತೆ. ನಂಬುತ್ತೀರಾ? ಮುಂದಿನ ಸಾಲಿನವರು ತಲೆದೂಗಿದರು, ಒಳ್ಳೆ ಕೆಲಸ ಮಾಡಿದ ಅಂತ.

ಯೋಗಾನಂದ ಓದಿದ. ಸ್ವಂತ ಎತ್ತು. ಉಳುಮೆ. ದೈವಶಕ್ತಿ ಇರುವುದಿಲ್ಲ. ಅಂಗೈ ಒಡ್ಡಿದ್ದ ಜನ, ಆ ಗೊರಸಿನ ಗುರುತನ್ನು ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿಕೊಂಡಿದ್ದ ಜನ, ಕಮಕ್ ಕಿಮಕ್ ಅನ್ನಲಿಲ್ಲ. ಹಿಂದಿನಿಂದ ಒಬ್ಬ, "ಇರ್ಲಿ ಬುಡ್ಲಾ, ದುಡ್ ಬಂದ್ರೆ ಗುಡೀಗೇ ತಾನೆ," ಅಂದ. ಇನ್ನೊಬ್ಬ, "ಮನ್ಸಲ್ಲಿ ಶಿವಾ ಅನ್ಕಂಡ್ ಸೈನ್ ಹಾಕ್ಬುಟ್ರೆ ದೋಸ ಬರಕಿಲ್ಲ ಕಣ್ಲಾ," ಅಂದ. ಇವರ ನಂಬಿಕೆ ನೋಡಿದರೆ ನನಗೆ ನಾಸ್ತಿಕರ ಮೇಲೇ ಗೌರವ ಬರುತ್ತದೆ. ಅವರಾದರೂ ಒಂದೇ ಮಾತಿನ ಮೇಲೆ ನಿಂತಿರುತ್ತಾರೆ.

ವಿಡಿಯೊದ ಸಾಲು ಬಂತು. ಯೋಗಾನಂದ ಗಡಗಡ ಓದಿ ಮುಂದಕ್ಕೆ ಹಾರಲು ನೋಡಿದ. ನಾನು ಎದ್ದು ನಿಂತೆ.

"ನಿಲ್ಲಿಸಿ. ಹಸಿವಿಗೆ ಬಂದದ್ದು ಅಂದ್ರಲ್ಲ, ಹಂಗಾದ್ರೆ ನಮ್ಮವ್ವ ಕದ್ದಿಲ್ಲ ಅಂತಾಯ್ತು. ಅದನ್ನ ಬಾಯ್ಬಿಟ್ಟು ಹೇಳಿ."

"ಅದು ಕಂಪ್ನಿ ಕಾಗ್ದಕ್ಕೆ ಕಣವ್ವ. ಅದ್ ಬ್ಯಾರೆ, ಇದ್ ಬ್ಯಾರೆ."

"ಬೇರೆ ಬೇರೆ ಆದ್ರೆ ನಾನು ಫೈಲ್ ಮುಚ್ತೀನಿ," ಅಂದರು ಸುಮನಾ, ತಲೆ ಎತ್ತದೆ.

ಯೋಗಾನಂದ ಸುತ್ತ ನೋಡಿದ. ನಾಲ್ಕು ಲಕ್ಷವನ್ನು ನುಂಗುವ ಹಾಗೆ ಗುಟುಕರಿಸಿದ. "ಆಯ್ತು. ಯಲ್ಲಮ್ಮ ಕಳ್ಳಿ ಅಲ್ಲ. ಅವತ್ತು ತಪ್ಪಾಗೈತೆ. ಅವ್ರ ಓಲೆ ದುಡ್ಡು ವಾಪಸ್ ಕೊಡ್ತೀವಿ. ಸಾಕಾ?"

ಸಾಕು. ಸಾಕಾಗಿತ್ತು ನನಗೆ. ಜನ ಅವ್ವನ ಕಡೆ ತಿರುಗಿ ನೋಡಿದರು. ನನಗೆ ಕಣ್ಣು ತುಂಬಿ ಬಂತು, ಎಲ್ಲರ ಮುಂದೆಯೇ ಒರೆಸಿಕೊಂಡೆ.

ಸುಮನಾ ಅವ್ವನ ಕಡೆ ಪೆನ್ನು ಚಾಚಿದರು. "ಹೇಳಿಯಮ್ಮ. ಅವತ್ತು ಎತ್ತು ನಿಮ್ಮ ಮನೆಗೆ ಯಾಕೆ ಬಂತು?"

ಅವ್ವ ಎದ್ದಳು. ಸೆರಗು ಸರಿಮಾಡಿಕೊಂಡಳು. ಹೂವಿನ ರಾಶಿಯ ಕಡೆ ಒಂದು ಸಲ ನೋಡಿದಳು.

"ಎತ್ತು ಅನ್ಬ್ಯಾಡಿ ತಾಯಿ. ಬಸಪ್ಪ ಅನ್ನಿ."

"ಸರಿ. ಬಸಪ್ಪ ಯಾಕೆ ಬಂದ?"

"ನಾನು ಅಮ್ಮನ್ ಮೂಗ್‌ಬೊಟ್ಟು ಕದ್ದಿದ್ದೆ. ಅದ್ಕೆ ಬಂದ. ಬಸಪ್ಪ ಸುಳ್ಳಾಡಕಿಲ್ಲ."

ಮೊದಲು ಎಚ್ಚೆತ್ತವನು ಯೋಗಾನಂದ. ಓಡಿ ಬಂದು ಅವ್ವನ ಕೈ ಹಿಡಿದುಕೊಂಡ.

"ಯಲ್ಲಮ್ಮಕ್ಕ, ಏನಕ್ಕ ನೀನು? ನೀನ್ ಕದ್ದಿಲ್ಲ ಕಣಕ್ಕ! ನಾನೇ ಹೇಳ್ತಾವ್ನಿ, ನೀನ್ ಕಳ್ಳಿ ಅಲ್ಲ!"

"ಕದ್ದೀನಿ."

"ಅಯ್ಯೋ ಇಲ್ಲ ಕಣಕ್ಕ! ಮೇಡಂ, ಇವ್ಳಿಗೆ ತಲೆ ಸರಿ ಇಲ್ಲ. ಹಂಗಾದ್ರೆ ಬೊಟ್ಟೆಲ್ಲೈತೆ? ತೋರ್ಸು ನೋಡವಾ!"

"ಮಾರ್ಕಂಡೆ," ಅಂದಳು ಅವ್ವ. "ಮಗಳ್ ಖರ್ಚಿತ್ತು, ಮಾರ್ಕಂಡೆ."

ಮೂರು ವರ್ಷದ ಹಿಂದೆ ಅವಳನ್ನು ಕಳ್ಳಿ ಅಂತ ಜಗತ್ತಿಗೇ ತೋರಿಸಿದವನು, ಈಗ ಅವಳ ಕಾಲಿಗೆ ಬಿದ್ದು ನೀನು ಕಳ್ಳಿಯಲ್ಲ ಒಪ್ಪಿಕೋ ಅಂತ ಗೋಗರೆಯುತ್ತಿದ್ದ. ನೋಡಲು ಚೆನ್ನಾಗಿತ್ತು. ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವ್ವ ಆ ಮಾತು ಹೇಳಿದ ಕ್ಷಣ ನನ್ನ ತಲೆಗೆ ಬಂದದ್ದು ಝೆರಾಕ್ಸ್ ಮೆಷಿನ್ನು. ಬೊಟ್ಟು ಕಾಣೆಯಾದ ವರ್ಷವೇ ಕೊಂಡದ್ದು. ಸುಮನಾ ಪೆನ್ನಿನ ಮುಚ್ಚಳ ಹಾಕಿದರು. ಇದು ದೇವರ ಬಸವ ಅಂತ ಆ ಮನೆಯವರೇ ಹೇಳಿಕೆ ಕೊಟ್ಟ ಮೇಲೆ ನನ್ನಿಂದ ಏನೂ ಆಗುವುದಿಲ್ಲ ಸಾರ್ ಅಂದು, ಕಾರು ಹತ್ತಿದರು.

ಆಮೇಲೆ ಏನಾಯಿತು ಅಂತ ಹೇಳಿಬಿಡುತ್ತೇನೆ, ನಮ್ಮ ಊರಿನ ಮಾನ ಎಷ್ಟಿದೆ ಅಂತ ನಿಮಗೂ ಗೊತ್ತಾಗಲಿ. ವಾರದೊಳಗೆ ಯೋಗಾನಂದ ಅವ್ವನ ತಪ್ಪೊಪ್ಪಿಗೆಯ ವಿಡಿಯೊವನ್ನೂ ಚಾನೆಲ್ಲಿಗೆ ಹಾಕಿದ. ಸತ್ತ ಮೇಲೂ ಸತ್ಯ ನುಡಿಸಿದ ಬಸಪ್ಪ ಅಂತ ಹೆಸರು. ಹೂವಿನ ರಾಶಿ ಇದ್ದಲ್ಲಿ ಕಲ್ಲಿನ ಗದ್ದುಗೆ ಎದ್ದಿತು. ಕನಕಪುರ, ಮಾಗಡಿ ಕಡೆಯಿಂದೆಲ್ಲ ಬಸ್ಸು ಮಾಡಿಕೊಂಡು ಜನ ಬರತೊಡಗಿದರು. ನಾಲ್ಕು ಲಕ್ಷ ಹೋದದ್ದಕ್ಕೆ ಅತ್ತವನು ಈಗ ಗದ್ದುಗೆಯ ಹುಂಡಿಯನ್ನು ತಿಂಗಳಿಗೆ ಎರಡು ಸಲ ಬಿಚ್ಚುತ್ತಾನೆ. ಆಫ್ತಾಬ್ ಭಾಯಿಯ ಗೋಡೌನು ಖಾಲಿಯಾಯಿತು, ಬಸಪ್ಪ ಅಂತಲೇ. ಮಹಜರಿಗೆ ಸಹಿ ಹಾಕಲು ಪೆನ್ನು ಹಿಡಿದು ಕಾದಿದ್ದವರೇ ಈಗ ಸ್ವಯಂಸೇವಕರ ಬ್ಯಾಡ್ಜು ಹಾಕಿಕೊಂಡು ಸಾಲು ನಿಲ್ಲಿಸುತ್ತಾರೆ. ನಾಚಿಕೆ ಅನ್ನುವುದನ್ನು ಇವರು ಯಾವ ಅಂಗಡಿಯಲ್ಲೂ ಕೇಳಿಲ್ಲ.

ಮಹಜರಿನ ಆ ದಿನ ನಾನು ಸ್ಕೂಟಿಯ ಮೇಲೆ ಅವ್ವನನ್ನು ಕೂರಿಸಿಕೊಂಡು ಮನೆಗೆ ಬಂದೆ. ಅವ್ವ ಸೀದಾ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯಲು ಕೂತಳು. ನಾನು ಬಾಗಿಲಲ್ಲಿ ನಿಂತು ಕಿರುಚಿದೆ.

"ಯಾಕವ್ವ? ಅವನ ಬಾಯಲ್ಲಿ ಹೇಳಿಸಿದ್ನಲ್ಲ! ಒಂದು ಸಹಿ ಹಾಕೋಕೆ ನಿಂಗೇನಾಗಿತ್ತು ದಾಡಿ?"

ಅವ್ವ ಅಕ್ಕಿ ತೊಳೆದ ನೀರನ್ನು ಬಕೆಟ್ಟಿಗೆ ಬಸಿದಳು. ಹಿಂದೆ ಗುಡಿಗೆ ಹೊತ್ತುಕೊಂಡು ಹೋಗುತ್ತಿದ್ದ ಅದೇ ಹಸಿರು ಬಕೆಟ್. ನಾನು ಇಷ್ಟು ವರ್ಷ ಅದರಲ್ಲಿ ಸಾರಿಸುವ ನೀರು ಇರುತ್ತದೆ ಅಂದುಕೊಂಡಿದ್ದೆ.

"ದಿನಾ ಬೆಳಿಗ್ಗೆ ಅವನಿಗೆ ಕಲಗಚ್ಚು ಮಡಗ್ತಿದ್ದೆ ಕಣ್ ಮಗ," ಅಂದಳು. "ಒಸಿ ಬೂಸಾ, ಮಿಕ್ಕಿದ್ ಮುದ್ದೆ ಕಿವುಚಿ ಹಾಕ್ಬುಟ್ಟು. ಅವ್ರು ಜನ ಬಂದಾಗ ಹಾರ ಹಾಕೋರು, ಜನ ಹೋದ್ ಮ್ಯಾಕೆ ಯಾರೂ ತಿರುಗ್ ನೋಡ್ತಿರ್ಲಿಲ್ಲ. ಆಗ ಜರ ಬಂದು ಮನೀಕೊಂಡ್ನಲ್ಲ, ನಾಕ್ ದಿವ್ಸ ಹೋಗಕಾಗ್ಲಿಲ್ಲ. ಹುಡಿಕ್ಕಂಡ್ ಬಂದ. ಮಡ್ಲೆಲ್ಲ ಮೂಸ್ದ, ಬಕೀಟ್ ಎಲ್ಲಿ ಅಂತ."

ಯೋಗಾನಂದನ ಪ್ರಶ್ನೆಗೆ ಮೂರು ವರ್ಷದ ಹಿಂದೆ ನನ್ನ ಬಳಿ ಇಲ್ಲದ ಉತ್ತರ ಈ ಬಕೆಟ್ಟಿನಲ್ಲಿತ್ತು.

"ಅದನ್ನ ಅವತ್ತೇ ಹೇಳೋದಲ್ವಾ?"

"ಹೇಳಿದ್ರೆ? ಕಲಗಚ್ಚಿಗೆ ಬಂದ ಅಂದ್ರೆ ಅವ್ನು ದನ ಆಗೋಗ್ತಿದ್ದ. ನಾಳಿಕ್ಕೆ ಮಾರ್ಬುಡೋರು. ನಂಗೆ ಹೆಸ್ರು ಕೆಟ್ರೆ ಏನು, ಉಣ್ಣಕ್ಕೆ ನೀನಿದ್ದೀಯ. ಅವನಿಗೆ ಯಾರಿದ್ರು?" ಅವ್ವ ಮೂಗು ಒರೆಸಿಕೊಂಡಳು. "ಬದ್ಕಿರೋಗಂಟ ದೇವ್ರು ಅಂತ ದುಡಿಸ್ಕಂಡ್ರು. ಸತ್ ಮ್ಯಾಲೆ ನಾಕ್ ಲಕ್ಷಕ್ಕೆ ದನ ಮಾಡಕ್ ಹೊಂಟ್ರು, ಹಲ್ಕಾ ನನ್ ಮಕ್ಳು. ನಾನ್ ಅದಕ್ ಸೈನ್ ಹಾಕ್ಲಾ?"

ಬೈಯಬೇಕು ಅಂದುಕೊಂಡೆ. ನೀನು ಉಳಿಸಿದ್ದು ಬಸಪ್ಪನನ್ನಲ್ಲ, ಯೋಗಾನಂದನ ಅಂಗಡಿಯನ್ನು ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಅವ್ವ ಬಕೆಟ್ ಎತ್ತಿಕೊಂಡು ಹೋಗಿ ಜಗಲಿಯ ಕೆಳಗೆ ಇಟ್ಟಳು. ಯಾವ ದನವಾದರೂ ಕುಡಿಯಲಿ ಅಂತ ಇರಬೇಕು. ಒಳಗೆ ಬಂದು ಒಲೆ ಹಚ್ಚಿ, ನನ್ನ ಕಡೆ ತಿರುಗದೆ, ಮೆಲ್ಲಗೆ ಅಂದಳು.

"ಆ ಮಿಷಿನ್ ದುಡ್ಡು ಚೀಟೀದೇ ಕಣ್ ಮಗ. ಆವಾಗ್ಲೇ ಹೇಳಿರ್ಲಿಲ್ವಾ."

ಮೆಷಿನ್ನಿನ ಬಗ್ಗೆ ನಾನು ಅವ್ವನನ್ನು ಏನೂ ಕೇಳಿರಲಿಲ್ಲ.